ಶಬಾನಾ ತಂದ ಭೂಗೋಳ

ಶಬಾನಾ ಚೀಲದಿಂದ ಮರದ ಗೋಳ ತೆಗೆದಾಗ ಇಡೀ ನಾಲ್ಕನೇ ತರಗತಿ ನಕ್ಕಿತು. ಚನ್ನಪಟ್ಟಣದ ನಮ್ಮ ಶಾಲೆಯಲ್ಲಿ ಭೂಗೋಳ ಇರಲಿಲ್ಲ; ಬೊಂಬೆ ಮಾಡುವ ಅಪ್ಪನಿಂದ ಮಾಡಿಸಿ ತರುತ್ತೇನೆಂದು ಅವಳು ಮಾತು ಕೊಟ್ಟಿದ್ದಳು. ಅದರ ಮೇಲೆ ಒಂದೂ ದೇಶವಿರಲಿಲ್ಲ, ಸುತ್ತಲೂ ಒಂಬತ್ತು ಬಣ್ಣದ ಪಟ್ಟೆಗಳಿದ್ದವು.

“ಇದು ಬುಗುರಿ ಕಣ್ಲಾ!” ಎಂದ ಹಿಂದಿನ ಬೆಂಚಿನ ನಾಗ.

“ಯಂತ್ರದಲ್ಲಿ ಮರ ತಿರುಗ್ತಿರೋವಾಗ ಅರಗಿನ ಬಣ್ಣ ಹಿಡಿದ್ರೆ ಪಟ್ಟೇನೇ ಬರೋದು ಮಿಸ್,” ಎಂದಳು ಶಬಾನಾ, ಗೋಳವನ್ನು ಟೀಚರ್ ಕೈಗೆ ಕೊಡುತ್ತಾ.

ಟೀಚರ್ ನಡುವಿನ ಕೆಂಪು ಪಟ್ಟೆಯ ಮೇಲೆ ಬೆರಳಾಡಿಸಿದರು. “ಇದೇ ಸಮಭಾಜಕ ವೃತ್ತ ಕಣ್ರೋ! ಇವರಪ್ಪ ಅಕ್ಷಾಂಶಾನೆಲ್ಲ ಬರೆದ್ಬುಟ್ಟವ್ರೆ!”

ಅಂದು ಗೋಳ ಮುಟ್ಟಲು ಮೂವತ್ತೊಂದು ಮಂದಿ ಸಾಲು ನಿಂತೆವು, ನಾಗನೇ ಮೊದಲಿಗ ಎಂದು ನನ್ನ ಡೈರಿಯಲ್ಲಿದೆ. ಈಗಲೂ ಯಾವ ನಕಾಶೆ ಬಿಡಿಸಿದರೂ ನನ್ನ ಬೆರಳು ಮೊದಲು ಆ ನಡುಗೆರೆಯನ್ನು ಹುಡುಕುತ್ತದೆ.