ಬೇರೆ ಗೂಡಿನ ತಟ್ಟೆ

ವಯನಾಡಿಗೆ ಓದಲು ಬಂದ ಮೊದಲ ದಿನ ಹಾಸ್ಟೆಲ್ಲಿನ ಊಟದ ಕೋಣೆಯಲ್ಲಿ ನನ್ನ ಮುಂದಿಟ್ಟ ನೀರು ಗುಲಾಬಿ ಬಣ್ಣದ್ದಾಗಿತ್ತು. ಸಾಲದ್ದಕ್ಕೆ ಬಿಸಿ ಬೇರೆ. ಏನನ್ನೋ ತೊಳೆದ ನೀರು ಕೊಟ್ಟಿದ್ದಾರೆಂದು ಮೈಯೆಲ್ಲ ಉರಿದುಹೋಯಿತು. ಲೋಟ ಎತ್ತಿಕೊಂಡು ಹೋಗಿ, ಎಲ್ಲರೂ ನೋಡುವಂತೆ ತೊಟ್ಟಿಗೆ ಸುರಿದು ಬಂದೆ. ಆಮೇಲೆ ನೋಡಿದರೆ ಎಲ್ಲರ ಲೋಟದಲ್ಲೂ ಅದೇ ನೀರು! ಪದಿಮುಗಂ ಅನ್ನುವ ಮರದ ಚಕ್ಕೆ ಹಾಕಿ ಕುದಿಸುತ್ತಾರಂತೆ. ಹುಡುಗಿಯರು ನಕ್ಕರು, ನಾನು ಪೆಚ್ಚಾದೆ.

ಇನ್ನು ಮುಂದೆ ಇಲ್ಲಿನವರು ಏನೇ ಮಾಡಿದರೂ ಅದು ಇಲ್ಲಿನ ಪದ್ಧತಿ ಅಂದುಕೊಳ್ಳಬೇಕು, ಸುಮ್ಮನೆ ಸಿಡುಕಬಾರದು ಎಂದು ಅವತ್ತೇ ತೀರ್ಮಾನಿಸಿದೆ. ಅದೇ ನನಗೆ ಮುಳುವಾಯಿತು. ಒಂದೆರಡು ವಾರದಲ್ಲಿ ನನ್ನ ತಟ್ಟೆಗೆ ಯಾರೋ ಉಗುರುಬಣ್ಣದ ಚುಕ್ಕೆ ಇಟ್ಟು, ಕಿಟಕಿಯ ಪಕ್ಕದ ಬೇರೆ ಗೂಡಿನಲ್ಲಿ ಇಟ್ಟರು. ಇದೂ ಒಂದು ಪದ್ಧತಿ ಇರಬೇಕು, ಅಚ್ಚುಕಟ್ಟು ಜನ ಅಂದುಕೊಂಡೆ! ನಮ್ಮದು ಗುಂಡ್ಲುಪೇಟೆ ಕಡೆಯ ಒಂದು ದಲಿತರ ಕೇರಿ. ಹೋಟೆಲಿನವನು ಟೀ ಲೋಟವನ್ನು ಎಲ್ಲಿಂದ ತೆಗೆದು ಕೊಟ್ಟ ಎನ್ನುವುದರಲ್ಲೇ ಅವನ ಮನಸ್ಸು ಓದಬಲ್ಲವರು ನಾವು. ಆದರೆ ಊರಿನಿಂದ ಹೊರಡುವಾಗ ಎಲ್ಲರೂ ‘ಕೇರಳದಲ್ಲಿ ಜಾತಿಗೀತಿ ಇಲ್ಲ, ನೀನು ಗೆದ್ದೆ’ ಅಂದಿದ್ದರು. ನಾನು ಆ ಮಾತನ್ನು ನಂಬಿ ಕಣ್ಣು ಮುಚ್ಚಿಕೊಂಡಿದ್ದೆ.

ಒಂದು ಮಧ್ಯಾಹ್ನ ಅವಸರದಲ್ಲಿ, ಉಳಿದವರೆಲ್ಲ ತಟ್ಟೆ ಇಡುವ ಗೂಡಿನಿಂದ ಕೈಗೆ ಸಿಕ್ಕದ್ದನ್ನು ತೆಗೆದುಕೊಂಡು ಉಂಡೆ. ಅದರ ಒಡತಿ ಬಂದಳು. ನಾನು ತೊಳೆದಿಟ್ಟ ತಟ್ಟೆಯನ್ನು ಎರಡು ಬೆರಳಲ್ಲಿ ಎತ್ತಿ ಕಸದ ಡಬ್ಬಿಗೆ ಹಾಕಿದಳು. ಬೈಯಲಿಲ್ಲ, ನನ್ನ ಮುಖವನ್ನೂ ನೋಡಲಿಲ್ಲ. ಉಳಿದವರು ತಮ್ಮ ಪಾಡಿಗೆ ಊಟ ಮುಂದುವರಿಸಿದರು. ನನ್ನ ರೂಮಿನ ಬಿಂದು ಮಾತ್ರ ಕೈ ಹಿಡಿದು ಹೊರಗೆ ಕರೆತಂದಳು. ಅವಳು ಪನಮರಂ ಹತ್ತಿರದ, ಪಣಿಯ ಬುಡಕಟ್ಟಿನವರ ಹಾಡಿಯ ಹುಡುಗಿ. ಅವಳ ತಟ್ಟೆಯೂ ಅದೇ ಕಿಟಕಿಯ ಗೂಡಿನಲ್ಲಿತ್ತು. ‘ನೀ ಅರಿಞ್ಞಿಲ್ಲೇ?’ ಅಂದಳು. ನಿನಗೆ ಗೊತ್ತೇ ಇರಲಿಲ್ಲವಾ ಎಂದು. ಅವಳಿಗೆ ಮೊದಲ ದಿನವೇ ಗೊತ್ತಾಗಿತ್ತು.

ವಾರ್ಡನ್ ಹತ್ತಿರ ಹೋದೆ. ‘ಅಡ್ಜಸ್ಟ್ ಮಾಡು ಮೋಳೇ’ ಅಂದರು. ಮೋಳೇ ಅಂದರೆ ಮಗಳೇ. ಅದೇ ವಾರದಿಂದ ತರಗತಿಯಲ್ಲಿ ನಾನು ಎದ್ದು ಮಾತಾಡಿದರೆ ಹಿಂದಿನ ಬೆಂಚಿನಿಂದ ‘ಸಂವರಣಂ’ ಎಂದು ಪಿಸುಗುಟ್ಟುವುದು ಶುರುವಾಯಿತು. ಸಂವರಣಂ ಅಂದರೆ ಮೀಸಲಾತಿ. ಮಲಯಾಳಂ ಇಷ್ಟು ಬೇಗ ಅರ್ಥವಾಗಬಾರದಿತ್ತು. ಊಟ ಸೇರದಾಯಿತು, ಓದಿದ್ದು ತಲೆಗೆ ಹತ್ತದಾಯಿತು. ಯಾಕಾದರೂ ಬದುಕಿದ್ದೇನೋ ಅನ್ನಿಸುವ ದಿನಗಳೂ ಬಂದವು. ಕೊನೆಗೆ ವಿಶ್ವವಿದ್ಯಾಲಯದ ಸಮಿತಿಗೆ ದೂರು ಕೊಟ್ಟೆ. ವಿಚಾರಣೆಗೆ ಲೋಕಲ್ ಗಾರ್ಡಿಯನ್ ಕರೆದುಕೊಂಡು ಬಾ ಅಂದರು.

ನನ್ನ ಗಾರ್ಡಿಯನ್ ವಯನಾಡಿನಲ್ಲೇ ಇರುವ ಕಲ್ಲೂರಿನ ಮಲ್ಲಣ್ಣನವರು. ಅವರ ತಂದೆಯ ಕಾಲದಲ್ಲೇ ನಮ್ಮ ಕಡೆಯಿಂದ ಬಂದು ನೆಲೆಸಿದ ಕುಟುಂಬ, ತರಕಾರಿ ವ್ಯಾಪಾರ. ಗುಂಡ್ಲುಪೇಟೆ ಮಂಡಿಯಲ್ಲಿ ಅವರ ವ್ಯಾನಿಗೆ ಮೂಟೆ ಹೊರುವವನು ನಮ್ಮಪ್ಪ. ಹಾಸ್ಟೆಲ್ಲಿಗೆ ಸೇರುವಾಗ ಕೇಳಿದ ತಕ್ಷಣ ಒಪ್ಪಿ ರುಜು ಹಾಕಿದ್ದರು. ಅವರ ಮನೆಗೆ ಹೋಗಿ ಕನ್ನಡ ಕೇಳಿದರೆ ಸಾಕು, ಅರ್ಧ ಜ್ವರ ಬಿಡುತ್ತಿತ್ತು.

ವಿಚಾರಣೆಗೆ ಕರೆಯಲು ಹೋದಾಗ, ‘ಏನ್ ಮೋಳೇ, ಹಿಂಗ್ ಸೊರಗೋಗಿದ್ದೀಯಲ್ಲ!’ ಅಂದರು. ಅವರ ಹೆಂಡತಿ ಗೌರಮ್ಮ ಟೀ ತಂದು ಜಗಲಿಯ ಮೇಲಿಟ್ಟರು. ಊಟದ ಕೋಣೆಯಲ್ಲಿ ಅವಮಾನವಾಯಿತು ಅಂದದ್ದೇ ತಡ, ಮಲ್ಲಣ್ಣ ಎದ್ದು ನಿಂತರು. ‘ನಮ್ ಕನ್ನಡದ ಹೆಣ್ಣುಡ್ಗೀಗೆ ಹಿಂಗ್ ಮಾಡೋದಾ? ನಾನ್ ಬತ್ತೀನಿ ಬುಡವ್ವ.’ ನನಗೆ ಅಳುವೇ ಬಂತು. ಆಮೇಲೆ ತಟ್ಟೆಯ ಸಂಗತಿ ಬಿಡಿಸಿ ಹೇಳಿದೆ. ಅವರು ಮೆಲ್ಲಗೆ ಕೂತರು.

‘ಅದು ಜಾತಿ ಇಚಾರ. ಅದ್ನ ಯಾಕ್ ಎತ್ತೀಯೆ? ಕನ್ನಡದೋಳು ಅಂತ ಹಿಂಗ್ ಮಾಡುದ್ರು ಅಂತ ಬರಿ. ಇಲ್ಲಿರೋ ಕನ್ನಡದೋರ್ನೆಲ್ಲ ಕರ್ಕಂಡ್ ಬತ್ತೀನಿ.’

‘ಅವ್ರು ಮಾಡಿದ್ದು ಅದುಕ್ಕಲ್ವಲ್ಲ, ಅಣ್ಣ.’

‘ಜಾತಿ ಗಲಾಟೆಗಾದ್ರೆ ನನ್ನ ಕರೀಬ್ಯಾಡ ಕಣವ್ವ. ನಾವಿಲ್ಲಿ ಬಾಳ್ಬೇಕು.’

ಗೌರಮ್ಮ ಬಾಗಿಲಲ್ಲೇ ನಿಂತು, ‘ಅವ್ರು ಹೇಳೋದು ನಿನ್ ಒಳ್ಳೇದುಕ್ಕೇ’ ಅಂದರು. ಕುಡಿದ ಲೋಟವನ್ನು ಎಂದಿನಂತೆ ನಾನೇ ತೊಳೆದು ಜಗಲಿಯ ಮೂಲೆಯಲ್ಲಿ ಬೋರಲು ಹಾಕಿದೆ. ಹಾಕುವಾಗ ಕೈ ನಿಂತಿತು. ಆ ಮನೆಯ ಹೊಸಿಲನ್ನು ನಾನು ಒಮ್ಮೆಯೂ ದಾಟಿರಲಿಲ್ಲ. ಅಲ್ಲಿ ಅಷ್ಟು ಸಲ ಟೀ ಕುಡಿದಿದ್ದೆ, ಆ ಲೋಟ ಒಳಗೆ ಹೋದದ್ದನ್ನು ನೋಡಿರಲಿಲ್ಲ. ಹಾಸ್ಟೆಲ್ಲಿನ ಗೂಡು ಕಂಡು ಕುದಿಯುವ ನನಗೆ ಇದು ಕಂಡಿರಲೇ ಇಲ್ಲ. ಇವರು ಕನ್ನಡ ಮಾತಾಡುತ್ತಿದ್ದರಲ್ಲ, ಅದಕ್ಕೇ.

ಅವರು ಹೇಳಿದಂತೆ ಬರೆದುಬಿಡೋಣವೆಂದು ಬಸ್ಸಿನಲ್ಲಿ ಎಷ್ಟು ಆಸೆಯಾಯಿತೆಂದರೆ, ಹೇಳಲು ನಾಚಿಕೆ. ಒಂದು ಸುಳ್ಳಿಗೆ ಅಷ್ಟೊಂದು ಜನ ನನ್ನ ಹಿಂದೆ ನಿಲ್ಲುತ್ತಿದ್ದರು. ನಿಜಕ್ಕೆ ಒಬ್ಬರೂ ಇರಲಿಲ್ಲ. ರೂಮಿಗೆ ಬಂದು ಬಟ್ಟೆಗಳನ್ನು ಚೀಲಕ್ಕೆ ತುಂಬತೊಡಗಿದೆ. ಬಿಂದು ಮಂಚದ ಮೇಲೆ ಕೂತು ನೋಡುತ್ತಿದ್ದಳು. ದೂರಿಗೆ ಸೇರು ಎಂದು ಹಿಂದೆ ಕೇಳಿದಾಗ ಒಪ್ಪಿರಲಿಲ್ಲ. ಅವಳ ಹಾಡಿಯಿಂದ ಇಷ್ಟು ದೂರ ಓದಿದವಳು ಅವಳೊಬ್ಬಳೇ. ಇದು ತಪ್ಪಿದರೆ ಅವಳಿಗೆ ಬೇರೆ ದಾರಿಯಿಲ್ಲ ಎಂದು ನನಗೂ ಗೊತ್ತಿತ್ತು. ಈಗ ಅವಳು ಚೀಲದಿಂದ ನನ್ನ ಬಟ್ಟೆಗಳನ್ನು ಒಂದೊಂದಾಗಿ ಹೊರಗೆ ತೆಗೆದಳು. ‘ಞಾನ್ ವರಾಂ’ ಅಂದಳು. ನಾನು ಬರುತ್ತೇನೆ.

ಸಮಿತಿಯ ಮೇಡಂ, ‘ಗಾರ್ಡಿಯನ್ ಎಲ್ಲಿ?’ ಎಂದು ಕೇಳಿದರು. ನಾನು ಬಾಯಿ ತೆರೆಯುವ ಮೊದಲೇ ಬಿಂದು ‘ನಾನೇ’ ಅಂದುಬಿಟ್ಟಳು. ಮೇಡಂ ಅವಳ ಮುಖ ನೋಡಿ ಏನೋ ಹೇಳಹೊರಟವರು ಕುರ್ಚಿ ತೋರಿಸಿದರು. ನಾನು ಮುರುಕಲು ಮಲಯಾಳಂನಲ್ಲಿ ನಡೆದದ್ದೆಲ್ಲ ಹೇಳಿದೆ. ‘ಞಾನ್ ದಳಿತಾಣ್’, ನಾನು ದಲಿತಳು ಎಂದೂ ಹೇಳಿದೆ. ಕನ್ನಡದಲ್ಲಿ ಈ ಮಾತನ್ನು ಯಾವತ್ತೂ ದನಿ ತಗ್ಗಿಸದೆ ಆಡಿದವಳಲ್ಲ. ನನ್ನ ನಂತರ ಬಿಂದು ತನ್ನ ತಟ್ಟೆಯ ಕಥೆ ಹೇಳಿದಳು. ವಿಚಾರಣೆ ಇನ್ನೂ ನಡೆಯುತ್ತಿದೆ. ಏನಾಗುತ್ತದೋ ಗೊತ್ತಿಲ್ಲ. ನಮ್ಮಿಬ್ಬರ ತಟ್ಟೆಗಳು ಇನ್ನೂ ಕಿಟಕಿಯ ಪಕ್ಕದಲ್ಲೇ ಇವೆ.

ಸಮಿತಿಯ ಮುಂದೆ ಹೋದ ದಿನ ಸಂಜೆ ಅಪ್ಪ ಫೋನ್ ಮಾಡಿದ. ‘ಮಲ್ಲಣ್ಣೋರು ಬಂದಿದ್ರಾ?’

‘ಇಲ್ಲ ಕಣಪ್ಪ.’

‘ಮತ್ತೆ ನಮ್ಮೋರು ಅಂತ ಯಾರಿದ್ರವ್ವ?’

‘ಬಿಂದು ಇದ್ಲು.’

‘ಕನ್ನಡದೋಳಾ?’

‘ಅಲ್ಲ, ಅವ್ಳಿಗೆ ಕನ್ನಡ ಬರಕಿಲ್ಲ.’

ಅಪ್ಪ, ‘ಬೆಳಿಗ್ಗೆ ಅವ್ರ ವ್ಯಾನ್ ಬತ್ತದೆ, ಮೂಟೆ ಹೊರ್ಬೇಕು. ಮಗಳು ಹೆಂಗವ್ಳೆ ಅಂತ ಕೇಳ್ತಾರೆ. ಏನಂತ ಹೇಳ್ಲವ್ವ?’ ಅಂದ.

‘ಚೆನ್ನಾಗವ್ಳೆ ಅನ್ನಪ್ಪ’ ಅಂದೆ.