ಅಂಜಿಕೊಂಡೇ ಹೋದವನು

ಸುವಾರ್ತಪ್ಪನಂಥ ಪುಕ್ಕಲ ನನ್ನ ಜನ್ಮದಲ್ಲಿ ಇನ್ನೊಬ್ಬ ಸಿಗಲಿಲ್ಲ. ದಾಂಡೇಲಿಯಲ್ಲಿ ಕಾಗದದ ಮಿಲ್ಲು ಶುರುವಾದ ಹೊಸದರಲ್ಲಿ, ಧಾರವಾಡದ ಕಡೆಯಿಂದ ಬಂದ ಕ್ರೈಸ್ತ ಕೂಲಿಗಳಿಗೆ ಅವನು ಉಪದೇಶಿ. ರವಿವಾರ ತಗಡಿನ ಪ್ರಾರ್ಥನೆ ಮನೆಯಲ್ಲಿ ಹಾಡು ಹೇಳಿಸುವುದು, ಜಡ್ಡಾದವರ ಹತ್ತಿರ ಕೂತು ಪ್ರಾರ್ಥನೆ ಮಾಡುವುದು, ಯಾರಾದರೂ ಸತ್ತರೆ ಮಣ್ಣಿಗೆ ಹೋಗುವುದು ಅವನ ಕೆಲಸ. ಹೆಣ ಕಂಡರೆ ಬೆವರುವವನಿಗೆ ಈ ಕೆಲಸ ಯಾರು ಕೊಟ್ಟರೋ ಆ ಪುಣ್ಯಾತ್ಮರನ್ನೇ ಕೇಳಬೇಕು. ಗುಡುಗಿದರೆ ಮಂಚದ ಕೆಳಗೆ ಸೇರುತ್ತಿದ್ದ. ಮೈಲಿಬೇನೆ ಬಾರದಂತೆ ದೇವಿ ಹಾಕುವವರು ಸೂಜಿ ಹಿಡಿದು ಬಂದ ದಿನ ಈ ಮಹಾಶಯ ಸಂಜೆಯತನಕ ಬಿದಿರಿನ ರಾಶಿಯ ಹಿಂದೆ ಅಡಗಿದ್ದ.

ಅಡಗಿದ್ದನ್ನು ಮುಚ್ಚಿಡುವ ಬುದ್ಧಿಯೂ ಇಲ್ಲ. "ಹೌದ್ರಿ, ಅಂಜಿಕಿ ಬಂತು, ಓಡಿದೆ" ಎಂದು ಹಲ್ಲು ಕಿಸಿಯುತ್ತಿದ್ದ. ಒಮ್ಮೆ ಮಣ್ಣಿಗೆ ಹೋದಾಗ ಪ್ರಾರ್ಥನೆ ಅರ್ಧಕ್ಕೇ ಬಿಟ್ಟು ವಾಂತಿ ಮಾಡಿಕೊಂಡ. ಇವನನ್ನು ತೆಗೆದುಹಾಕಿ ಎಂದು ಅವರ ಸಭೆಯ ಹಿರಿಯರು ಧಾರವಾಡಕ್ಕೆ ಕಾಗದ ಬರೆದರು. ಅದನ್ನೂ ಊರಿಗೆಲ್ಲ ಹೇಳಿಕೊಂಡು ಬಂದವನು ಅವನೇ.

ನಾನು ಮಹಾಂತಪ್ಪ, ಹಳಿಯಾಳದ ಗರಡಿಯಲ್ಲಿ ಬೆಳೆದ ಪೈಲ್ವಾನ. ಮಿಲ್ಲಿನಲ್ಲಿ ಬಿದಿರು ಹೊರುತ್ತಿದ್ದೆ. ಸುವಾರ್ತಪ್ಪನನ್ನು ನಾನು ಕರೆಯುತ್ತಿದ್ದುದೇ ಹೇತ್ಲಾಂಡಿ ಎಂದು.

"ಏ ಉಪದೇಶಿ, ನಿಮ್ಮ ದೇವರ ಮ್ಯಾಲ ಅಷ್ಟ ಭರೋಸೆ ಇದ್ರ ನಡುಗೂದ್ಯಾಕೋ?" ಎಂದು ಒಮ್ಮೆ ಎಲ್ಲರೆದುರು ಕೆಣಕಿದೆ.

"ದೇವರು ಧೈರ್ಯ ಕೊಡ್ತೇನಿ ಅಂದಿಲ್ರಿ ಪೈಲ್ವಾನ್ರ. ಜೋಡಿ ಬರ್ತೇನಿ ಅಂದಾನ, ಅಷ್ಟ."

ನಾವೆಲ್ಲ ಬಿದ್ದು ಬಿದ್ದು ನಕ್ಕೆವು.

ಅರವತ್ತರ ಬೇಸಿಗೆಯಲ್ಲಿ ಕೂಲಿಗಳ ಗುಡಿಸಲುಗಳಿಗೆ ಮೈಲಿಬೇನೆ ಬಂತು. ನನ್ನ ತಮ್ಮ ಕರಿಬಸಪ್ಪ ಕೆಲಸ ಹುಡುಕಿಕೊಂಡು ಊರಿನಿಂದ ಬಂದು ತಿಂಗಳಾಗಿತ್ತು. ಇಪ್ಪತ್ತು ವರ್ಷದವನು, ದೇವಿ ಹಾಕಿಸಿಕೊಂಡಿರಲಿಲ್ಲ. ಮೂರು ದಿನ ಜ್ವರ ಬಂದು ಆಮೇಲೆ ಮೈಯೆಲ್ಲ ಎದ್ದಿತು. ಸರಕಾರದವರು ಅವನನ್ನು ಹೊತ್ತೊಯ್ದು, ಹಳ್ಳದಾಚೆ ಬಿದಿರು ತಟ್ಟಿಯ ಗುಡಿಸಲಿನಲ್ಲಿ ಒಬ್ಬನನ್ನೇ ಮಲಗಿಸಿದರು. ಒಬ್ಬ ಆಳು ದಿನಕ್ಕೆರಡು ಸಲ ಗಂಜಿಯನ್ನು ಬಾಗಿಲಲ್ಲಿಟ್ಟು ಓಡಿಬರುತ್ತಿದ್ದ.

ನಮ್ಮವ್ವ ಮುದಕವ್ವ ಕಾಲು ಮುರಿದುಕೊಂಡು ಊರಲ್ಲೇ ಬಿದ್ದಿದ್ದಳು. "ತಮ್ಮನ್ನ ಒಬ್ಬನ್ನ ಬಿಡಬ್ಯಾಡೋ ಮಾಂತ್ಯಾ. ಉಳೀಲಿಲ್ಲಂದ್ರ ಅಂಗೈಯಾಗ ಲಿಂಗ ಇಟ್ಟರ ಕಳಸು" ಎಂದು ಹೇಳಿಕಳಿಸಿದಳು. ಸಾಯುವವನ ಕೈಯಲ್ಲಿ ಅವನ ಲಿಂಗ ಇರಬೇಕು, ಇಡುವುದಕ್ಕೆ ತನ್ನವರು ಒಬ್ಬರು ಇರಬೇಕು. ನಮ್ಮಲ್ಲಿ ಅದಕ್ಕಿಂತ ದೊಡ್ಡದು ಇಲ್ಲ.

ನನ್ನ ಎರಡೂ ತೋಳಲ್ಲಿ ದೇವಿ ಹಾಕಿಸಿಕೊಂಡ ಕಲೆಗಳಿದ್ದವು. ನಿನಗೆ ಬೇನೆ ಬರುವುದಿಲ್ಲ, ಹೋಗು ಎಂದು ಡಾಕ್ಟರೇ ಹೇಳಿದ್ದರು. ಹಳ್ಳದ ದಂಡೆಯವರೆಗೆ ಹೋದೆ. ಅಲ್ಲಿಂದ ಮುಂದೆ ಕಾಲು ಏಳಲಿಲ್ಲ. ಹೊತ್ತೊಯ್ಯುವಾಗ ತಮ್ಮನ ಮುಖ ನೋಡಿದ್ದೆ, ಅದು ಮುಖವಾಗಿ ಉಳಿದಿರಲಿಲ್ಲ. ಮತ್ತಿಮರದ ಬುಡಕ್ಕೆ ಕೂತವನು ಮಧ್ಯಾಹ್ನವಾದರೂ ಏಳಲಿಲ್ಲ. ಥೂ ನನ್ನ ಪೈಲ್ವಾನಗಿರಿಗೆ!

ಆಗ ಸುವಾರ್ತಪ್ಪ ಬಂದ. ಕೈಯಲ್ಲಿ ಒಂದು ತಂಬಿಗೆ ಮಜ್ಜಿಗೆ. ಹಳ್ಳದಾಚೆಗೆ ನೋಡಿದವನೇ ಗಿಡವೊಂದನ್ನು ಹಿಡಿದು ಕುಕ್ಕರಿಸಿ ವಾಂತಿ ಮಾಡಿಕೊಂಡ.

"ಎಲ್ಲಿಗೆ ಹೊಂಟಿಯೋ? ದೇವಿ ಹಾಕಿಸಿಕೊಂಡಿಲ್ಲ ನೀ. ಸಾಯ್ತಿ" ಎಂದೆ.

"ಗೊತ್ತೈತ್ರಿ. ಅದಕ್ಕ ಕೈಕಾಲು ನಡುಗಾಕತ್ತಾವ." ಬಾಯಿ ಒರೆಸಿಕೊಂಡ. "ಒಬ್ಬನ ಒದರಾಕತ್ತಾನಂತ, ಆಳು ಹೇಳಿದ. ನೀವೂ ಬರ್ತೀರೇನ್ರಿ? ಇಬ್ಬರೂ ಅಂಜಿಕೋತ ಹೋಗೂಣು."

ಆ ಮಾತಿಗೆ ನನಗೆ ಮೈ ಉರಿದುಹೋಯಿತು. ಈ ಪುಕ್ಕಲ ನನ್ನನ್ನು ತನ್ನ ಸಾಲಿಗೆ ಸೇರಿಸುವುದೇ?

"ನಂಗೇನು ಅಂಜಿಕಿ? ಮಿಲ್ಲಿನ್ಯಾಗ ಎರಡೆರಡು ಪಾಳಿ ಹಚ್ಚ್ಯಾರ. ಬಿಡುವಾದ ಕೂಡಲೆ ಬರ್ತಾನಂತ ತಮ್ಮಗ ಹೇಳು."

ಸುವಾರ್ತಪ್ಪ ನನ್ನ ಮುಖವನ್ನೇ ಒಂದು ಗಳಿಗೆ ನೋಡಿದ. ಹಳ್ಳಕ್ಕೆ ಇಳಿದ. ತಂಬಿಗೆಯ ಮಜ್ಜಿಗೆ ಹೆಜ್ಜೆಹೆಜ್ಜೆಗೂ ತುಳುಕುತ್ತಿತ್ತು.

ಮೂರು ದಿನ ಅವನು ಆ ಗುಡಿಸಲಿನಿಂದ ಹೊರಗೆ ಬರಲಿಲ್ಲ. ಮೂರು ದಿನವೂ ನಾನು ಮಿಲ್ಲು ತಪ್ಪಿಸಿ ಅದೇ ಮರದ ಕೆಳಗೆ ಕೂತೆ. ಬಿಟ್ಟು ಹೋಗುವುದಕ್ಕೂ ಆಗಲಿಲ್ಲ, ದಾಟುವುದಕ್ಕೂ ಆಗಲಿಲ್ಲ. ನಾಲ್ಕನೆಯ ದಿನ ಬೆಳಿಗ್ಗೆ ಸರಕಾರದ ಆಳುಗಳು ಕರಿಬಸಪ್ಪನನ್ನು ಚಾಪೆಯಲ್ಲಿ ಸುತ್ತಿ, ಸುಣ್ಣ ಸುರಿದು ಮಣ್ಣು ಮಾಡಿದರು. ಅದನ್ನೂ ನಾನು ದೂರದಿಂದಲೇ ನೋಡಿದೆ. ಅವ್ವನಿಗೆ ಏನು ಹೇಳಬೇಕೋ ತಿಳಿಯದೆ ಊರ ಕಡೆ ಮುಖ ಹಾಕಲಿಲ್ಲ.

ಹದಿನೈದು ದಿನದೊಳಗೆ ಸುವಾರ್ತಪ್ಪನಿಗೂ ಬೇನೆ ಹತ್ತಿತು. ಅವನ ಜನ ಧಾರವಾಡಕ್ಕೆ ಒಯ್ದರು. ಸತ್ತನೆಂದೇ ಎಲ್ಲರೂ ತಿಳಿದಿದ್ದರು. ದಸರೆ ಮುಗಿದ ಮೇಲೆ ತಿರುಗಿ ಬಂದ. ಮುಖದ ತುಂಬ ಕುಳಿ, ಎಡಗಣ್ಣು ಹೋಗಿತ್ತು.

ಬಂದ ಮೊದಲ ರವಿವಾರವೇ ಹಿರಿಯರು ಅವನನ್ನು ಎಬ್ಬಿಸಿ ನಿಲ್ಲಿಸಿ, ಉಪದೇಶಿಯಾದವನು ಬೇರೆಯವರ ಲಿಂಗವನ್ನು ಮುಟ್ಟಿದ್ದೇಕೆ ಎಂದು ಕೇಳಿದರಂತೆ. ಇವನು ಹೇಳಿದನಂತೆ: "ಸಾಯೂ ಹುಡುಗ ಕೇಳಿದ್ರಿ, ಅವನ ಕೈ ಏಳತಿರಲಿಲ್ಲ. ನಮ್ಮ ಸ್ವಾಮಿ ಸಿಟ್ಟಾದಾನೇನೋ ಅಂತ ಅಂಜಿದೆ, ನಿಮಗೂ ಅಂಜಿದೆ. ಅಂಜಿಕೋತನ ಅವನ ಅಂಗೈಯಾಗ ಇಟ್ಟೆ." ಹಿರಿಯರು ಮತ್ತೆ ಧಾರವಾಡಕ್ಕೆ ಬರೆಯಲಿಲ್ಲ.

ಈ ಸುದ್ದಿ ಮಿಲ್ಲಿಗೂ ಬಂತು. ಅಲ್ಲಿಯವರೆಗೆ ಅವನ ಕಣ್ಣು ತಪ್ಪಿಸಿ ತಿರುಗುತ್ತಿದ್ದ ನಾನು ಅಂದು ಪಾಳಿ ಮುಗಿದ ಕೂಡಲೆ ಅವನನ್ನು ಹುಡುಕಿಕೊಂಡು ಹೋದೆ. ಚಹಾದಂಗಡಿಯ ಬಾಕಿನ ಮೇಲೆ ಕೂತಿದ್ದ.

"ಉಪದೇಶಿಗಳ, ನಮ್ಮ ಕರಿಬಸ್ಯಾ ನನ್ನ ಕೇಳಿದನೇನ್ರಿ?"

ಅವನು ಚಹಾದ ಬಶಿಯನ್ನು ಕೆಳಗಿಟ್ಟ. "ಹೇಳಬ್ಯಾಡ ಅಂದಿದ್ದ. ನೀವ ಕೇಳಿದ ಮ್ಯಾಲ ಸುಳ್ಳ ಹೇಳಾಕ ನಂಗ ಅಂಜಿಕಿರಿ" ಎಂದ. "ನೀವು ಪಾಳಿಗೆ ಹೋಗೀರಿ ಅಂತ ಹೇಳಿದೆ. ಅವ ನಕ್ಕ. ತಟ್ಟಿ ಸಂದಿಯಿಂದ ನೀವು ಕುಂತದ್ದು ಮೂರೂ ದಿನ ಅವಂಗ ಕಾಣತಿತ್ರಿ."

ನಾನು ಅವನ ಪಕ್ಕ ಬಾಕಿನ ಮೇಲೆ ಕೂತೆ.

"'ಅಣ್ಣ ಅಂಜ್ಯಾನ, ಪಾಪ. ನಾ ನೋಡೀನಂತ ಅವಂಗ ಹೇಳಬ್ಯಾಡ್ರಿ, ಪೈಲ್ವಾನ ಅದಾನ, ನಾಚಿಕಿ ಆಗ್ತೈತಿ' ಅಂದ. ಕಣ್ಣು ಮುಚ್ಚೂತನಕ ಮುಖ ನಿಮ್ಮ ಕಡೆನ ಮಾಡಿಕೊಂಡು ಮಲಗಿದ್ದ."

"ನಂಗ ಅಂಜಿಕಿ ಬಂದಿತ್ರಿ" ಎಂದು ನಾನು ಬಾಯಿಬಿಟ್ಟು ಅಂದದ್ದು ಆಗಲೇ ಮೊದಲು. ಅದನ್ನು ಕೇಳಬೇಕಾದವನು ಸತ್ತು ಆರು ತಿಂಗಳಾಗಿತ್ತು.