ಹಂಗಾಮು ತಪ್ಪಿ ಬಂದ ಬಯಕೆ

ಬೆಳಕು ಇನ್ನೂ ಸರಿಯಾಗಿ ಹರಿದಿಲ್ಲ. ಸಲ್ತ್ ಊರಿನ ಹಳೇ ಪೇಟೆಯ ಮೆಟ್ಟಿಲ ಬುಡದಲ್ಲಿ ವದ್ಹಾ ಗೋಣಿ ಹಾಸಿಕೊಂಡು ಹಸಿ ಬಾದಾಮಿ ಆರಿಸುತ್ತಿದ್ದಾರೆ. ಕೆಳಗಿನ ಕಣಿವೆಯ ತೋಟದಿಂದ ಮೊದಲ ವ್ಯಾನಿನಲ್ಲಿ ಬಂದ ಕಾಯಿ, ಮೈಮೇಲಿನ ನವಿರು ತುಪ್ಪಳಕ್ಕೆ ಇಬ್ಬನಿ ಹಾಗೇ ಅಂಟಿದೆ. ತೀರ ಎಳೆಯದು ಒಂದು ಕಡೆ, ಒಳಗೆ ಬೀಜ ಗಟ್ಟಿಯಾಗತೊಡಗಿದ್ದು ಇನ್ನೊಂದು ಕಡೆ. ಕಣ್ಣಿನಿಂದ ನೋಡಿ ಆರಿಸುವುದಿಲ್ಲ, ಹೆಬ್ಬೆರಳಿನಿಂದ ಒತ್ತಿ ಆರಿಸುತ್ತಾರೆ. ಪಕ್ಕದಲ್ಲಿ ಒಂದು ತಟ್ಟೆ ಉಪ್ಪು. ಯಾರು ಬಂದರೂ ಮೊದಲು ಒಂದು ಕಾಯಿ ಉಪ್ಪಿಗೆ ಅದ್ದಿ ಕೈಗಿಡುತ್ತಾರೆ. ಸಿಪ್ಪೆ ಸಮೇತ ಕರುಂ ಎಂದು ಕಚ್ಚಿ ತಿಂದ ಮೇಲೆಯೇ ವ್ಯಾಪಾರದ ಮಾತು.

ಕಾರಿನಿಂದಿಳಿದ ಹುಡುಗನೊಬ್ಬ ಕೇಳುತ್ತಾನೆ, "ಖಾಲ್ತೀ, ದ್ರಾಕ್ಷಿ ಇದೆಯಾ?"

ಊರಿಗೆಲ್ಲ ಅವರು ಖಾಲ್ತಿ, ಅಂದರೆ ಚಿಕ್ಕಮ್ಮ.

"ದ್ರಾಕ್ಷಿ ಬಳ್ಳೀಲಿ ಮಲಗಿದೆ ಮಗಾ. ಆಗಸ್ಟಲ್ಲಿ ಏಳತ್ತೆ, ಆವಾಗ ಬಾ."

"ಮೇಲಿನ ಅಂಗಡೀಲಿ ಇದೆಯಲ್ಲ?"

"ಇದೆ. ಪಾಪ, ಹಡಗು ಹತ್ತಿ ಬಂದಿದೆ, ಸುಸ್ತಾಗಿದೆ. ಹೋಗಿ ಯೋಗಕ್ಷೇಮ ವಿಚಾರಿಸ್ಕೊಂಡು ಬಾ."

ಹುಡುಗ ನಗುತ್ತಾನೆ. ಒಂದು ಚೀಲ ಬಾದಾಮಿ ಕಟ್ಟಿಸಿಕೊಂಡು ಹೋಗುತ್ತಾನೆ.

ವದ್ಹಾ ಕುಳಿತ ಜಾಗಕ್ಕೆ ಬೋರ್ಡಿಲ್ಲ, ಬಾಗಿಲಿಲ್ಲ. ಆದರೂ ಇವತ್ತು ಯಾವ ತಿಂಗಳು ಎಂದು ತಿಳಿಯಲು ನಮ್ಮ ಬೀದಿಯವರು ಅವರ ಗೋಣಿಯ ಕಡೆ ನೋಡುತ್ತಾರೆ. ಚಳಿಗಾಲದ ಮಳೆಗೆ ಖುಬ್ಬೇಜೆ ಸೊಪ್ಪು, ಅದು ಮುಗಿಯುವಾಗ ಬಾದಾಮಿ, ಆಮೇಲೆ ಹುಳಿ ಪ್ಲಮ್ಮು, ಏಪ್ರಿಕಾಟ್, ಬೇಸಿಗೆಗೆ ಅಂಜೂರ ಮತ್ತು ದ್ರಾಕ್ಷಿ, ದಾಳಿಂಬೆ, ಕೊನೆಗೆ ಆಲಿವ್. ಒಂದು ಮುಗಿದು ಇನ್ನೊಂದು ಬರುವ ನಡುವೆ ಕೆಲವು ದಿನ ಗೋಣಿ ಖಾಲಿ ಇರುತ್ತದೆ. ಆಗ ಸುಮ್ಮನೆ ಕುಳಿತು ಚಹಾ ಕುಡಿಯುತ್ತಾರೆ. ಎದುರುಗಡೆ ಸೊಪ್ಪು ಮಾರುವ ಅಬೂ ಫವಾಜ್, "ಇವತ್ತು ಗಾಳಿ ಎಷ್ಟಕ್ಕೆ ಕೆಜಿ, ಉಮ್ಮು ಸತ್ತಾಮ್?" ಎಂದು ಕೆಣಕುತ್ತಾನೆ. ಹೀಗೆ ಮಗನ ಹೆಸರು ಹಿಡಿದು ಸತ್ತಾಮನ ತಾಯಿ ಎಂದು ಕರೆಯುವುದು ಇಲ್ಲಿನ ಮರ್ಯಾದೆ. ಕೆಣಕುವಾಗಲೂ ಮರ್ಯಾದೆ ಬಿಡುವುದಿಲ್ಲ.

ಗಂಡ ಕಲ್ಲು ಗಣಿಯಲ್ಲಿ ತೀರಿಕೊಂಡಾಗ ಸತ್ತಾಮ್ ಇನ್ನೂ ಅಂಬೆಗಾಲಿಡುತ್ತಿದ್ದ. ಆ ಚಳಿಗಾಲವನ್ನು ವದ್ಹಾ ನೆನೆಯುವ ರೀತಿಯೇ ಬೇರೆ. "ಕೈಯಲ್ಲಿ ಏನೂ ಇರ್ಲಿಲ್ಲ. ಮಳೆ ಬಂದಿತ್ತು, ದಾರಿ ಬದೀಲಿ ಖುಬ್ಬೇಜೆ ಎದ್ದಿತ್ತು. ಯಾರೂ ಬಿತ್ತಿದ್ದಲ್ಲ, ಯಾರೂ ಬೇಡ ಅನ್ಲಿಲ್ಲ. ಕಿತ್ತೆ, ಕಟ್ಟು ಕಟ್ಟಿದೆ, ಇಲ್ಲಿ ತಂದಿಟ್ಟೆ. ಸಂಜೆ ಮಗನಿಗೆ ಬ್ರೆಡ್ಡು, ಮೊಟ್ಟೆ ತಗೊಂಡ್ಹೋದೆ. ಅವತ್ತು ಭೂಮಿ ಕೊಟ್ಟಿದ್ದನ್ನ ತಿಂದ್ವಿ. ಇನ್ಮೇಲೆ ಅದು ಕೊಡ್ದೇ ಇರೋದನ್ನ ಕೇಳಬಾರ್ದು ಅನ್ಕೊಂಡೆ." ಅಲ್ಲಿಂದ ಇಲ್ಲಿಯವರೆಗೆ ಕಾಲವಲ್ಲದ ಕಾಲದ್ದನ್ನು ಅವರು ಮಾರಿದ್ದಿಲ್ಲ, ಮನೆಗೂ ತಂದಿದ್ದಿಲ್ಲ.

ಇದರಿಂದಾಗಿ ಒಬ್ಬರೊಡನೆ ವರ್ಷವರ್ಷವೂ ಜಟಾಪಟಿ. ಮೆಟ್ಟಿಲ ತುದಿಯಲ್ಲಿ, ಇಗರ್ಜಿಯ ಪಕ್ಕದ ಮನೆಯ ಸಿತ್ ನಜ್ಲಾ, ಅಂದರೆ ನಜ್ಲಾ ಅಮ್ಮನವರು, ಪ್ರತಿ ವಸಂತದಲ್ಲೂ ತೀರ ಎಳೆಯ ಬಾದಾಮಿ ಕೊಂಡು ಉಪ್ಪುನೀರಿನ ಡಬ್ಬಿಗಳಲ್ಲಿ ತುಂಬಿಡುತ್ತಾರೆ. "ಬಂದ್ರು ನೋಡಿ, ಬಾದಾಮಿ ಹೂಳೋರು. ಬದುಕಿದ್ದಾಗ ತಿನ್ನಿ ಅಂದ್ರೆ ಕೇಳಲ್ಲ" ಎಂದು ವದ್ಹಾ ನಾಲ್ಕು ಜನರೆದುರಿಗೇ ಅನ್ನುತ್ತಿದ್ದರು. "ನೀನು ತೂಗು, ಬಾಯಿ ಮುಚ್ಚು" ಎಂಬುದು ನಜ್ಲಾ ಅವರ ಉತ್ತರ.

ಕಳೆದ ಅಕ್ಟೋಬರಿನಲ್ಲಿ, ಆಲಿವ್ ಕೊಯ್ಲು ಶುರುವಾದಾಗ, ಸೊಸೆ ನುಹಾಗೆ ಬಯಕೆ ಹುಟ್ಟಿತು. ಅವಳಿಗೆ ಹಿಂದೆ ಎರಡು ಬಸುರು ನಿಂತಿರಲಿಲ್ಲ. ಮೂರನೆಯದರ ಬಗ್ಗೆ ಮನೆಯಲ್ಲಿ ಯಾರೂ ಗಟ್ಟಿಯಾಗಿ ಮಾತಾಡುತ್ತಲೇ ಇರಲಿಲ್ಲ. ಊಟಕ್ಕೆ ಕುಳಿತವಳು ತಟ್ಟೆ ಸರಿಸಿ, "ಅತ್ತೆ, ಹಸಿ ಬಾದಾಮಿ ಬೇಕು ಅನ್ನಿಸ್ತಿದೆ" ಅಂದಳು. ಮರಗಳು ಎಲೆ ಉದುರಿಸುತ್ತಿದ್ದ ಕಾಲ.

ಬಸುರಿಯ ಬಯಕೆ ತೀರದಿದ್ದರೆ ಮಗುವಿನ ಮೈಮೇಲೆ ಅದೇ ಹಣ್ಣಿನ ಆಕಾರದ ಮಚ್ಚೆ ಮೂಡುತ್ತದೆ ಎಂದು ನಮ್ಮಲ್ಲಿ ನಂಬಿಕೆ. ವದ್ಹಾಗೆ ಮಚ್ಚೆಯ ಚಿಂತೆ ಇರಲಿಲ್ಲ. "ಮೈತುಂಬಾ ಮಚ್ಚೆ ಇರ್ಲಿ, ಮಗು ಇರ್ಲಿ ಸಾಕು. ಆದ್ರೆ ಅವಳು ಊಟಾನೇ ಬಿಟ್ಟಳು. ಹಿಂದಿನ ಎರಡು ಸಲಾನೂ ಹಿಂಗೇ ಶುರುವಾಗಿತ್ತು." ಶಾಲೆಯ ಬಸ್ಸು ಓಡಿಸುವ ಸತ್ತಾಮ್ ರಾಜಧಾನಿ ಅಮ್ಮಾನಿಗೆ ಹೋಗಿ ದೊಡ್ಡ ದೊಡ್ಡ ಅಂಗಡಿಗಳನ್ನು ತಡಕಿದ. ಹಸಿ ಬಾದಾಮಿಯ ಹುಳಿಗೆ ಹತ್ತಿರವೆಂದು ಸಿಕ್ಕಿದ್ದು ಹೊರದೇಶದ ಹಸಿರು ಸೇಬು. ವದ್ಹಾ ಅದನ್ನು ತಾವೇ ತೊಳೆದು, ಹೆಚ್ಚಿ, ಉಪ್ಪು ಹಚ್ಚಿ ಕೊಟ್ಟರು. ಅವರ ಮನೆಯೊಳಗೆ ಬಂದ, ಇಲ್ಲಿನ ನೆಲ ಕೊಡದ ಮೊದಲ ಹಣ್ಣು ಅದು. ನುಹಾ ಒಂದು ಹೋಳು ಬಾಯಿಗಿಟ್ಟು ಅತ್ತಳು.

ಮರುದಿನ ವದ್ಹಾ ಮೆಟ್ಟಿಲು ಹತ್ತಿ ಸಿತ್ ನಜ್ಲಾ ಅವರ ಬಾಗಿಲು ತಟ್ಟಿದರು. ಬಾಗಿಲು ತೆರೆದವರು ಮೇಲಿಂದ ಕೆಳಗೆ ನೋಡಿ, "ಏನು ವದ್ಹಾ, ಹೂಳಿದ್ದನ್ನ ಅಗೆದು ತೆಗೆಯೋಕೆ ಬಂದೆಯಾ?" ಎಂದರು.

"ಹೌದು" ಎಂದರು ವದ್ಹಾ. ಹೊಸ್ತಿಲಲ್ಲೇ ಕುಳಿತು ಸೊಸೆಯ ಬಯಕೆ, ಅವಳು ಊಟ ಬಿಟ್ಟದ್ದು ಎಲ್ಲ ಹೇಳಿದರು.

ಉಳಿದಿದ್ದು ಒಂದೇ ಡಬ್ಬಿ. ಕ್ರಿಸ್‌ಮಸ್ಸಿಗೆ ಬರುವ ತಂಗಿಗೆಂದು ಎತ್ತಿಟ್ಟದ್ದು. ನಜ್ಲಾ ಅದನ್ನು ಪತ್ರಿಕೆಯಲ್ಲಿ ಸುತ್ತಿ ಕೈಗೆ ಕೊಟ್ಟರು. "ತಂಗಿಗೆ ಏನು ಹೇಳ್ತೀರಿ?" ಎಂದು ವದ್ಹಾ ಕೇಳಿದ್ದಕ್ಕೆ, "ಇಲಿ ತಿಂತು ಅಂತೀನಿ. ನಡಿ, ಅವಳು ಕಾಯ್ತಿದಾಳೆ" ಎಂದರಂತೆ.

ನುಹಾ ಕೂರುವಷ್ಟು ತಾಳಲಿಲ್ಲ. ಅಡುಗೆಮನೆಯಲ್ಲಿ ನಿಂತುಕೊಂಡೇ ತಿಂದಳು, ಉಪ್ಪುನೀರು ಮೊಣಕೈವರೆಗೆ ಇಳಿಯಿತು. ಅರ್ಧ ಡಬ್ಬಿ ಖಾಲಿಯಾದ ಮೇಲೆ, "ಅತ್ತೆ, ಉಪ್ಪು ಸ್ವಲ್ಪ ಜಾಸ್ತಿ ಆಗಿದೆ" ಅಂದಳು. "ಆ ಮಾತು ಕೇಳಿ ನಾನು ದೇವರಿಗೆ ಎಷ್ಟು ಸಲ ಕೈಯೆತ್ತಿದೆನೋ. ರುಚಿ ತಪ್ಪು ಹೇಳೋಳು ಊಟ ಮಾಡ್ತಾಳೆ" ಎನ್ನುತ್ತಾರೆ ವದ್ಹಾ. ಅವತ್ತು ರಾತ್ರಿ ನುಹಾ ಬ್ರೆಡ್ಡು, ಬೇಳೆ ಕೇಳಿ ಹಾಕಿಸಿಕೊಂಡಳು.

ಈಗ ಮಾರ್ಚ್. ಬಸುರಿಗೆ ಏಳು ತಿಂಗಳು ತುಂಬಿದೆ. ಹೊಸ ಫಲವನ್ನು ಎದುರಿಗಿದ್ದವರಲ್ಲಿ ಎಲ್ಲರಿಗಿಂತ ಚಿಕ್ಕವರ ಕೈಗೆ ಮೊದಲು ಕೊಡುವುದು ಇಲ್ಲಿಯ ಪದ್ಧತಿ. ಕಳೆದ ವಾರ ಮೊದಲ ಚೀಲ ಬಿಚ್ಚಿದಾಗ ಅಕ್ಕಪಕ್ಕದ ಮಕ್ಕಳೆಲ್ಲ ಕೈಚಾಚಿದ್ದರು. ವದ್ಹಾ ಅವರನ್ನು ಸರಿಸಿ ಮೊದಲ ಕಾಯನ್ನು ನುಹಾಳ ಅಂಗೈಯಲ್ಲಿಟ್ಟರು.

"ಅವಳೇನು ಚಿಕ್ಕವಳಾ ಖಾಲ್ತೀ?" ಎಂದು ಮಕ್ಕಳು ಜಗಳ ತೆಗೆದವು.

"ಅವಳಿಗಲ್ಲ ಕಣ್ರೋ, ಒಳಗಿರೋರಿಗೆ. ಇವಳು ಬರೀ ಬಾಗಿಲು."

ಸಿತ್ ನಜ್ಲಾ ಅವರ ಪಾಲನ್ನು ಈ ವರ್ಷ ವದ್ಹಾ ತಾವೇ ಆರಿಸಿ, ಹೊತ್ತು ಮೇಲಕ್ಕೆ ಒಯ್ದು ಕೊಡುತ್ತಾರೆ. "ಬೈಯೋದು ಬಿಟ್ರಾ?" ಎಂದು ಕೇಳಿದೆ. "ಯಾಕೆ ಬಿಡ್ಲಿ? ಬೈದುಕೊಂಡೇ ಡಬ್ಬಿ ತುಂಬ್ತೀವಿ. ಈಗ ಇಬ್ಬರೂ ಸೇರಿ ಹೂಳೋದು" ಎಂದು ನಗುತ್ತಾರೆ. ಹೊಸ ಬಾದಾಮಿ ಎದುರಿಗಿದ್ದರೂ ನುಹಾ ಆ ಹಳೆಯ ಡಬ್ಬಿಯದೇ ರುಚಿ ಎನ್ನುತ್ತಾಳಂತೆ. ಅದನ್ನು ಹೇಳುವಾಗ ಅವರ ಮುಖದಲ್ಲಿ ಸೋತವರ ಕಳೆ ಸ್ವಲ್ಪವೂ ಇಲ್ಲ.

ಬಿಸಿಲು ಮೆಟ್ಟಿಲಿಗೆ ಬಂದಿದೆ. ಗೋಣಿಯ ಮೇಲೆ ಒಂದು ಹಿಡಿ ಕಾಯಿ ಉಳಿದಿದೆ. ಮುಂದೇನು ಆಸೆ ಎಂದು ಕೇಳಿದರೆ ವದ್ಹಾ ಏಪ್ರಿಕಾಟಿನ ಮಾತು ತೆಗೆಯುತ್ತಾರೆ. ಮೇ ತಿಂಗಳ ನಡುವೆ ಏಪ್ರಿಕಾಟ್ ಬರುತ್ತದೆ. ಬಂದು ಕಣ್ಣು ಮುಚ್ಚಿ ತೆರೆಯುವಷ್ಟರಲ್ಲಿ ಮುಗಿಯುತ್ತದೆ. ವರ್ಷದಲ್ಲಿ ಅವರ ವ್ಯಾಪಾರ ಭರದಿಂದ ನಡೆಯುವುದು ಆಗಲೇ. ಜ್ವರವಿದ್ದರೂ, ಹಬ್ಬವಿದ್ದರೂ ಆ ದಿನಗಳನ್ನು ಅವರು ಯಾವತ್ತೂ ಬಿಟ್ಟವರಲ್ಲ. ನುಹಾಳ ದಿನ ತುಂಬುವುದೂ ಅದೇ ಹೊತ್ತಿಗೆ.

"ಈ ಸಲ ಏಪ್ರಿಕಾಟು ಬಂದು, ಮುಗಿದು ಹೋಗ್ಲಿ. ನನಗೆ ಗೊತ್ತೇ ಆಗದಷ್ಟು ಕೆಲಸ ಮನೇಲಿ ಇರ್ಲಿ" ಎನ್ನುತ್ತಾರೆ. "ಯಾರಾದ್ರೂ ಬಂದು ಕೇಳಿದ್ರೆ ಹೇಳಿ, ವದ್ಹಾ ಮಗು ಎತ್ಕೊಂಡಿದಾಳೆ, ಕೈ ಬಿಡುವಿಲ್ಲ ಅಂತ."